ಗುಟ್ಟಿನ ಕಪಾಟಿಗೆ ಓದುಗರು ಬಂದರು

ಗುಟ್ಟು ಕಾಯಲು ಕೂತವರ ಕೈಯಲ್ಲೇ ಗುಟ್ಟು ಒಡೆಯುವುದು ಹೇಗೆ ಅಂತ ನನ್ನನ್ನು ಕೇಳಿ. ಡೊಂಬಿವಲಿಯ ಕನ್ನಡಿಗರ ಒಂದು ಕುಟುಂಬ ಸಲಹಾ ಕೇಂದ್ರದಲ್ಲಿ ಗಂಡ-ಹೆಂಡಿರ, ಅತ್ತೆ-ಸೊಸೆಯರ ಜಗಳ ಕೇಳಿ ಬರೆದಿಡುವುದು ನನ್ನ ಕೆಲಸ. ಫೈಲಿನ ಕಪಾಟಿನ ಕೀಲಿ ನನ್ನ ಪರ್ಸಿನಲ್ಲೇ. ಐರೋಲಿಯಿಂದ ಒಬ್ಬಳು ಪಿಎಚ್‌ಡಿ ಹುಡುಗಿ ಆ ಫೈಲು ಓದಬೇಕು ಅಂತ ಬಂದಳು ನೋಡಿ, ಅಲ್ಲಿಂದ ಶುರು.

೧. ಹೆಸರಿಲ್ಲದವರು

ಹೆಸರು ತೆಗೆದು ಕೊಡಿ ಅಂದಿತು ಕೇಂದ್ರದ ಕಮಿಟಿ. ತೆಗೆದೆ. ‘ಉಡುಪಿ ಕಡೆಯವರು, ಸ್ಟೇಷನ್ ಎದುರು ವೆಜ್ ಹೋಟೆಲ್, ಮೂವರು ತಮ್ಮಂದಿರು, ಹೆಂಡತಿಯೊಡನೆ ಮಾತಿಲ್ಲ’ ಅಂತಷ್ಟೇ ಉಳಿಸಿದೆ. ಊರು, ಹೋಟೆಲು ಗೊತ್ತಾದ ಮೇಲೆ ನಮ್ಮವರಿಗೆ ಹೆಸರು ಯಾಕೆ ಬೇಕು? ಕಮಿಟಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಎರಡೇ ಸಾಲು ಓದಿದರು.

“ತಪ್ಪು ಬರೆದಿದ್ದೀರಿ. ನಮ್ಮ ಭಾವನಿಗೆ ತಮ್ಮಂದಿರು ನಾಲ್ವರು” ಅಂದರು.

೨. ಮಮ್ಮಿ

ಆಮೇಲೆ ಊರು, ಹೋಟೆಲು ಎಲ್ಲದಕ್ಕೂ ಮಸಿ ಬಳಿದೆ. ಯಾರಿಗೂ ತೋರಿಸುವುದಿಲ್ಲ ಅಂತ ಹುಡುಗಿಯ ಸಹಿಯೂ ಆಯಿತು. ಆದರೆ ನಾನು ಬರೆಯುವುದು ಕನ್ನಡದಲ್ಲಿ. ಇಲ್ಲೇ ಹುಟ್ಟಿದ ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಮೂರನೇ ದಿನ ಬಂದವಳು, “ಆಂಟಿ, ಮಮ್ಮಿ ಪೂಛ್ ರಹೀ ಹೈ, ಆ ಹೆಂಗಸು ಆಮೇಲೆ ಗಂಡನ ಮನೆಗೆ ವಾಪಸ್ ಗಯೀ ಕ್ಯಾ?” ಅಂತ ಮಮ್ಮಿಯ ಪ್ರಶ್ನೆಯನ್ನು ನನಗೆ ಕೇಳಿದಳು.

ಫೈಲಿನ ಪುಟಗಳ ಫೋಟೋ ತೆಗೆದುಕೊಂಡು ಹೋಗಿ ತಾಯಿಯಿಂದ ಓದಿಸಿದ್ದಳು ಮಾರಾಯ್ರೆ! ಫೋಟೋವನ್ನು ನನ್ನೆದುರೇ ಅಳಿಸಿ ಹಾಕಿಸಿದೆ. ತಾಯಿಯ ತಲೆಯಿಂದ ಅಳಿಸುವುದು ಹೇಗೆ? ಮರುದಿನ ಆ ತಾಯಿಯೇ ಫೋನು ಮಾಡಿ, ಮುಂದಿನ ಕಂತು ಯಾವಾಗ ಅಂತ ವಿಚಾರಿಸಿದರು.

೩. ಒಪ್ಪಿಗೆ ಕಾಗದ

ಈ ರಗಳೆಯೇ ಬೇಡ, ಫೈಲಿನವರ ಒಪ್ಪಿಗೆಯನ್ನೇ ಕೇಳುವ ಅಂದಿತು ಕಮಿಟಿ. ನನ್ನ ಕಪಾಟಿನಲ್ಲಿ ಫೈಲಿದ್ದ ಎಲ್ಲರ ಮನೆಗೂ ಕಾಗದ ಹಾಕಿದೆ: ‘ನೀವು ನಮ್ಮಲ್ಲಿ ಹೇಳಿಕೊಂಡದ್ದನ್ನು ಸಂಶೋಧನೆಗೆ ಕೊಡಬಹುದೇ?’ ಎರಡು ದಿನ ಕಳೆದು ಚಹಾ ಕುಡಿಯುವಾಗ ತಲೆಗೆ ಹೊಳೆಯಿತು, ಅಯ್ಯೋ ದೇವರೇ, ಪಕ್ಕದ ಊರು ಕಲ್ಯಾಣ್‌ನ ಆ ಸೊಸೆ! ಮಾರ್ಕೆಟ್ಟಿಗೆ ಅಂತ ಸುಳ್ಳು ಹೇಳಿ ನಮ್ಮಲ್ಲಿಗೆ ಬರುತ್ತಿದ್ದವಳು. ಅತ್ತೆಗೆ ಗೊತ್ತಾದರೆ ತವರಿಗೆ ಅಟ್ಟುತ್ತಾರೆ ಅಂತ ನನ್ನ ಕೈ ಹಿಡಿದು ಅತ್ತಿದ್ದಳು.

ಸಿಕ್ಕಿದ ಲೋಕಲ್ ರೈಲು ಹತ್ತಿ ಓಡಿದೆ. ಬಾಗಿಲು ತೆಗೆದದ್ದೇ ಅತ್ತೆ. ಕೈಯಲ್ಲಿ ಒಡೆದ ಲಕೋಟೆ. ಹಿಂದೆ ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ನಂಬಿ ಬಂದವಳ ಸಂಸಾರ ನನ್ನಿಂದಲೇ ಹಾಳಾಯಿತು ಅಂತ ನನಗೆ ಅಳುವೇ ಬಂತು.

ಅತ್ತೆ ಲಕೋಟೆಯನ್ನು ನನ್ನ ಮೂಗಿನ ಮುಂದೆ ಹಿಡಿದು ಕೇಳಿದರು:

“ಇವಳಿಗೆ ಮಾತ್ರ ಕಾಗದವಾ? ಇವಳಿಗಿಂತ ಮೊದಲೇ ನಿಮ್ಮ ಥಾಣೆ ಬ್ರಾಂಚಿಗೆ ಹೋಗಿ ಇವಳ ಮೇಲೆ ಮೂರು ಸಲ ದೂರು ಬರೆಸಿ ಬಂದಿದ್ದೇನೆ. ಅದನ್ನು ಯಾರೂ ಓದುವುದು ಬೇಡವಾ?”