ಹೆಸರಿಗೆ ಮಾತ್ರ ನನ್ನದಾಗಿದ್ದ ಹಗುರ ಬೈಕಿಗೆ ಒಂದು ದೂರು

ಮಾನ್ಯರೇ,

ತಮ್ಮ ಎರಡೂ ಚಕ್ರಗಳಿಗೆ, ಫಳಫಳ ಹೊಳೆಯುವ ಸೈಲೆನ್ಸರಿಗೆ ಮತ್ತು ಇನ್ನೂ ಒಂದು ಗೀರೂ ಕಾಣದ ಪೆಟ್ರೋಲ್ ಟ್ಯಾಂಕಿಗೆ ನನ್ನ ಗೌರವದ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದೆ ಇನ್ನೇನು, ನಮ್ಮ ದೊಡ್ಡಪ್ಪ ದಿನಕ್ಕೆ ಎರಡು ಸಲ ತಮ್ಮ ಮೈ ಒರೆಸುತ್ತಾರೆ. ಎದುರು ನಿಂತು ಮಾತಾಡುವ ಅಭ್ಯಾಸ ನನಗಿಲ್ಲದ್ದರಿಂದ, ಅಂಗಡಿ ಬಾಗಿಲಲ್ಲೇ ನಿಂತಿರುವ ತಮಗೆ ಹತ್ತು ಹೆಜ್ಜೆ ದೂರದಿಂದ ಈ ಪತ್ರ ಬರೆಯುತ್ತಿದ್ದೇನೆ.

ದೊಡ್ಡಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ನಾನು ಅವರ ಅಂಗಡಿಯಲ್ಲಿ ಕೂತು ಬಿಚ್ಚಿದ ಭಾಗಗಳನ್ನು ಒರೆಸಿ ಎಣ್ಣೆ ಹಾಕಿ ಜೋಡಿಸುವವಳು. ಮೂವತ್ತು ವರ್ಷ ಅವರು ದರ್ಜಿಗಳ ಮನೆಗೂ ಕಾರ್ಖಾನೆಗಳಿಗೂ ಹೋಗಿಬಂದದ್ದು ಈಗ ಗೋಣಿಚೀಲ ಹೊದ್ದು ತಮ್ಮ ಪಕ್ಕದಲ್ಲಿ ನಿಂತಿರುವ ಆ ದೊಡ್ಡ ಬೈಕಿನ ಮೇಲೆ. ಅರವತ್ತೆಂಟು ದಾಟಿದ ಮೇಲೆ ದೊಡ್ಡಪ್ಪನ ತೂಕ ಇಳಿಯುತ್ತಾ ಬಂತು, ಬೈಕಿನದು ಇಳಿಯಲಿಲ್ಲ. ಒಂದು ದಿನ ಅಂಗಿ ಕಾರ್ಖಾನೆಯ ಗೇಟಿನ ಮುಂದೆ ಸ್ಟ್ಯಾಂಡ್ ತೆಗೆಯುವಾಗ ಅದು, ಮಲಗಲು ಹೊರಟ ಎಮ್ಮೆಯ ಹಾಗೆ, ನಿಧಾನವಾಗಿ ಅವರ ಕಡೆಗೆ ವಾಲಿತು. ಅವರೂ ಅಷ್ಟೇ ನಿಧಾನವಾಗಿ ಅದರ ಜೊತೆ ನೆಲಕ್ಕೆ ಬಂದರು. ಊಟದ ಬಿಡುವಿನಲ್ಲಿದ್ದ ನಾಲ್ಕು ಜನ ಹೆಂಗಸರು ಮೊದಲು ಬೈಕನ್ನೂ ಆಮೇಲೆ ದೊಡ್ಡಪ್ಪನನ್ನೂ ಎತ್ತಿದರಂತೆ. "ಎಂಜಿನ್ ಕೆಳಗೆ ಒಂದು ಬೋಲ್ಟ್ ನೋಡ್ಬೇಕಿತ್ತು ಕಣ್ರಮ್ಮ, ಅದಕ್ಕೇ ಮಲಗಿಸ್ದೆ" ಎಂದರಂತೆ ದೊಡ್ಡಪ್ಪ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮೊಣಕಾಲಿನ ಗಾಯ ಮಾತ್ರ ದೊಡ್ಡಮ್ಮನ ಕಣ್ಣಿಂದ ತಪ್ಪಿಸಿಕೊಳ್ಳಲಿಲ್ಲ. "ಇನ್ನೊಂದ್ ಸಲ ಆ ಗಾಡಿ ಹತ್ತಿದ್ರೆ, ಹೊರಗಿನ ಕೆಲ್ಸ ಅಲ್ಲಿಗೆ ಮುಗೀತು ಅಂದ್ಕೊಳ್ಳಿ" ಎಂದುಬಿಟ್ಟರು. ಹೊರಗಿನ ಕೆಲಸ ನಿಂತರೆ ದೊಡ್ಡಪ್ಪ ಅರ್ಧ ನಿಂತ ಹಾಗೆ. ಹಗುರದ ಗಾಡಿ ಹತ್ತಿದರೆ, ಮುದುಕನಾದೆ ಎಂದು ಅವರೇ ಬೀದಿಗೆಲ್ಲ ಸಾರಿದ ಹಾಗೆ. ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ದಾರಿ ತಾವು. ತಮ್ಮನ್ನು ತರಲು ಕಂಡುಕೊಂಡ ನೆಪ ನಾನು.

ತಾವು ಬಂದಿಳಿದ ದಿನ ದೊಡ್ಡಪ್ಪ, ಪಕ್ಕದ ಬ್ರೆಡ್ ಅಂಗಡಿಯವರಿಗೆ ಚೆನ್ನಾಗಿ ಕೇಳಿಸುವಂತೆ, "ನಮ್ಮ ಹುಡುಗಿಗೆ ಅಂತ ತಂದಿದ್ದು. ಈಗಿನ ಕಾಲದವರು, ಓಡಾಡ್ಲಿ" ಎಂದು ಘೋಷಿಸಿದರು. ಎದುರಿಗೆ ಬಂದವರಿಗೆ ಬೇಜಾರಾದೀತೆಂದು ಸೈಕಲ್ಲಿನ ಬೆಲ್ಲನ್ನೂ ಬಾರಿಸದ ನಾನು ಹೀಗೆ ಒಂದೇ ಬೆಳಗಿನಲ್ಲಿ ಗಟ್ಟಿಗಿತ್ತಿಯಾದೆ. ಯಂತ್ರ ರಿಪೇರಿಗೆ ತಂದವರು, ಸೂಜಿ ಕೊಳ್ಳಲು ಬಂದವರು, ದಾರಿ ಕೇಳಲು ನಿಂತವರು, ಎಲ್ಲರೂ ನನ್ನ ಬೆನ್ನು ತಟ್ಟಿದರು. "ಎಷ್ಟು ಕೊಡುತ್ತಮ್ಮಾ?" ಎಂದು ಅಂಚೆಯವರು ಕೇಳಿದಾಗ, ಏನನ್ನು ಕೊಡಬೇಕೆಂದು ತಿಳಿಯದೆ, "ಕೇಳಿದಷ್ಟು ಕೊಡುತ್ತೆ" ಎಂದೆ. ಅವರು ಈಗಲೂ ನನ್ನನ್ನು ಕಂಡರೆ ಯೋಚಿಸುತ್ತಾ ಹೋಗುತ್ತಾರೆ.

ತಮ್ಮನ್ನು ಓಡಿಸಿದವರು ಮಾತ್ರ ದೊಡ್ಡಪ್ಪ. ಮೊದಲ ವಾರ ಬ್ರೇಕ್ ಪರೀಕ್ಷೆ, ಎರಡನೇ ವಾರ ಕ್ಲಚ್ ಪರೀಕ್ಷೆ, ಮೂರನೇ ವಾರ "ಹೊಸ ಎಂಜಿನ್ನು, ಪಳಗಿಸಿ ಕೊಡ್ತೀನಿ". ಎರಡು ತಿಂಗಳಾದರೂ ತಾವು ಪಳಗಲಿಲ್ಲ. ಒಂದು ಕೈಯಲ್ಲಿ ಎಳೆದರೆ ಹಿಂದೆ ಬರುವ, ಕಾಲು ಎತ್ತುವ ಮೊದಲೇ ಸ್ಟ್ಯಾಂಡಿನ ಮೇಲೆ ಕೂರುವ ತಮ್ಮ ಸಾಧು ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಮಾನ್ಯರೇ, ಅದೇ ತಮ್ಮ ಅಪರಾಧ. ತಮ್ಮನ್ನು ನಿಲ್ಲಿಸುವಾಗ ದೊಡ್ಡಪ್ಪ ಹಳೆಯ ರೂಢಿಯಂತೆ "ಹುಂ" ಎಂದು ಮುಕ್ಕಿರಿಯುತ್ತಾರೆ, ತಾವು ಆ ಸದ್ದು ಮುಗಿಯುವ ಮೊದಲೇ ನಿಂತಿರುತ್ತೀರಿ. ಹಿರಿಯರಿಗೆ ಹೀಗೆ ಅವಮಾನ ಮಾಡಬಹುದೇ? ಬ್ರೆಡ್ ಅಂಗಡಿಯ ಮುಂದೆ ಹಾಯುವಾಗಲಾದರೂ ತಾವು ಒಂದು ಕ್ವಿಂಟಾಲ್ ಹೆಚ್ಚು ತೂಗಬೇಕು, ಮತ್ತು ಹೊಲಿಗೆ ಯಂತ್ರದ ಹಾಗೆ ಕಿಟಿಕಿಟಿ ಅನ್ನದೆ ಸ್ವಲ್ಪ ಗುಡುಗಬೇಕು ಎಂದು ಪ್ರಾರ್ಥಿಸುತ್ತೇನೆ.

ಬ್ರೆಡ್ ಅಂಗಡಿಯವರು ದೊಡ್ಡಪ್ಪನ ವಯಸ್ಸಿನವರೇ, ಅವರದೂ ದೊಡ್ಡ ಬೈಕೇ. ಒಂದು ದಿನ ಅವರು ಕಟ್ಟೆಯ ಮೇಲೆ ಕೂತು, "ಅಲ್ಲಪ್ಪಾ, ಗಾಡಿ ಅವಳದು ಅಂತೀಯ, ಅವಳು ಅದರ ಕನ್ನಡೀಲಿ ಮುಖ ನೋಡ್ಕೊಂಡಿದ್ದೂ ನಾನು ಕಾಣೆ" ಎಂದರು. ಮಾತು ಉಳಿಸಿಕೊಳ್ಳಲು ದೊಡ್ಡಪ್ಪ ಮರುದಿನವೇ ನನ್ನನ್ನು ಗೋದಾಮಿನ ಹಿಂದಿನ ಖಾಲಿ ರಸ್ತೆಗೆ ಕರೆದುಕೊಂಡು ಹೋದರು. ಆರು ಭಾನುವಾರ ಅವರು "ಬಿಡು, ಬಿಡು, ಕ್ಲಚ್ ಬಿಡು, ಅಯ್ಯೋ ಪೂರ್ತಿ ಬಿಡ್ಬೇಡ್ವೇ" ಎಂದು ಕೂಗುತ್ತಾ ನನ್ನ ಹಿಂದೆ ಓಡಿದರು. ಏಳನೇ ಭಾನುವಾರ ನಾನು ಓಡಿಸಿದೆ, ಅವರು ಓಡಲಿಲ್ಲ. ಲೈಸೆನ್ಸೂ ಬಂತು. ಸತ್ಯ ಹೇಳಬೇಕೆಂದರೆ, ನನಗೆ ತಾವು ತುಂಬಾ ಹಿಡಿಸಿದಿರಿ. ತಮ್ಮ ಮೇಲೆ ಕೂತಾಗ ಯಾರೂ ನನ್ನನ್ನು ಏನೂ ಕೇಳಲಾರರು, ಕೇಳುವಷ್ಟರಲ್ಲಿ ನಾನು ಮುಂದೆ ಹೋಗಿರುತ್ತೇನೆ. ಇಂಥ ಸುಖ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕಳೆದ ಮಂಗಳವಾರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ, ಹೊದಿಕೆ ಹೊಲಿಯುವ ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದು ಕರೆ ಬಂತು. ದೊಡ್ಡಪ್ಪ ಹೆಲ್ಮೆಟ್ ಹಿಡಿದು ಹೊರಬಂದರು. ನಾನೂ ಹೆಲ್ಮೆಟ್ ಹಿಡಿದು ಹೊರಬಂದಿದ್ದೆ. ಎಲ್ಲಿಂದ ಧೈರ್ಯ ಬಂತೋ, "ನಾನೇ ಹೋಗ್ತೀನಿ ದೊಡ್ಡಪ್ಪ, ನನ್ನ ಗಾಡಿ ತಾನೇ" ಎಂದೆ. ಬ್ರೆಡ್ ಅಂಗಡಿಯವರು ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿದರು.

ದೊಡ್ಡಪ್ಪ ಕೀಲಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಕೊಟ್ಟರೆ ಒಳಗೆ ಹೋಗಿ ಕೂರಬೇಕು, ಅವತ್ತೂ, ನಾಳೆಯೂ. ಕೊನೆಗೆ, "ಇಲ್ಲಮ್ಮ. ಇದು ನಂದು. ನನಗೇ ಅಂತ ತಂದಿದ್ದು. ಆ ದೊಡ್ಡದು ನನ್ನ ಕೈಗೆ ನಿಲ್ಲಲ್ಲ" ಎಂದರು, ಬೀದಿಗೆಲ್ಲ ಕೇಳುವಂತೆ. ಬೀದಿಯವರು ನಗುತ್ತಾರೇನೋ ಎಂದು ನಾನು ಸುತ್ತ ನೋಡಿದೆ. ಬ್ರೆಡ್ ಅಂಗಡಿಯವರು, "ಅಬ್ಬಾ, ಹೇಳಿದ್ಯಲ್ಲ! ನಾವೆಲ್ಲ ಎಷ್ಟು ದಿನ ಗೊತ್ತಿಲ್ಲದ ಹಾಗೆ ಇರೋದಪ್ಪಾ" ಎಂದು ಮತ್ತೆ ಬ್ರೆಡ್ ಕೊಯ್ಯತೊಡಗಿದರು. ಅಷ್ಟೇ. ದೊಡ್ಡಪ್ಪ ಮುಕ್ಕಿರಿಯದೆ, ಯಾವ ಪರೀಕ್ಷೆಯ ಹೆಸರನ್ನೂ ಹೇಳದೆ, ತಮ್ಮನ್ನು ಹತ್ತಿ ಹೊರಟರು. ತಿರುವಿನಲ್ಲಿ ಅವರು ಇಪ್ಪತ್ತು ವರ್ಷದ ಹುಡುಗನ ಹಾಗೆ ವಾಲಿದ್ದನ್ನು ನಾನು ನೋಡಿದೆ. ಬಿದ್ದಾರೆಂದು ಒಮ್ಮೆಯೂ ಅನ್ನಿಸಲಿಲ್ಲ.

ಹೀಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಡ ಎಂದಾಗ ಒಡತಿ ಮಾಡಿ, ಬೇಕು ಎಂದಾಗ ಬಿಟ್ಟು ಹೋದ ತಮ್ಮ ನಡತೆಯನ್ನು ಖಂಡಿಸುತ್ತೇನೆ. ಇಷ್ಟಾದರೂ ಅವರನ್ನು ದಿನಾ ಕರೆದುಕೊಂಡು ಹೋಗಿ, ದಿನಾ ವಾಪಸ್ಸು ಕರೆತನ್ನಿ. ಬೇರೆ ಪರಿಹಾರ ನಾನು ಕೇಳುವುದಿಲ್ಲ. ಭಾನುವಾರಗಳ ವಿಷಯ ಮಾತ್ರ ದೊಡ್ಡಪ್ಪನ ಹತ್ತಿರ ತಾವೇ ಮಾತಾಡಿ, ನನಗೆ ಸಂಕೋಚ.

ತಮ್ಮ ವಿಶ್ವಾಸಿ,
ನಾಲ್ಕು ತಿಂಗಳು ತಮ್ಮ ಒಡತಿಯೆಂದು ಹೆಸರಾಗಿದ್ದವಳು

ಮರೆತ ಮಾತು: ಬ್ರೆಡ್ ಅಂಗಡಿಯವರು ನಿನ್ನೆ ತಮ್ಮ ಸೀಟನ್ನು ಒತ್ತಿ ನೋಡಿದರು, ಅವರ ಸೊಸೆಗೂ ಇಂಥದ್ದೇ ಒಂದು ತರುತ್ತಾರಂತೆ. ಆ ಸೊಸೆಗೆ ಸೈಕಲ್ ಕಂಡರೂ ಭಯ. ಆದ್ದರಿಂದ ತಮ್ಮ ಕಾರ್ಖಾನೆಯವರಿಗೆ ಹೇಳಿ, ಇನ್ನು ಮುಂದೆ ಸೊಸೆಯರ ಗಾಡಿಗಳನ್ನು ದಪ್ಪ ಹೊಟ್ಟೆಯ ಮಾವಂದಿರ ಅಳತೆಗೇ ತಯಾರಿಸಲು ಶಿಫಾರಸು ಮಾಡಬೇಕಾಗಿ ವಿನಂತಿ.