ಅವ್ವನ ಈಳಿಗೆ, ಅಳ್ಳಿನ ಉಸುಕು

"ಈ ಪಂಚಮಿಗೆ ನಮ್ಮವ್ವನ ಈಳಿಗಿ ಗಾಳ್ಯಾಗ ಹಾರೋ ಕೂದಲಾ ಸೀಳಬೇಕು, ನೋಡ್ತಿರು" ಎಂದು ಕಾಂತೇಶ ಹೆಂಡತಿಯ ಮುಂದೆ ಎದೆ ಸೆಟೆಸಿ ಘೋಷಿಸಿದ. ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಟಪಾಲು ವಿಂಗಡಿಸುವ ಗುಮಾಸ್ತ ಅವನು. ಚಾಕು ತಯಾರಿಸುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ತನ್ನೊಳಗೊಬ್ಬ ಮಹಾನ್ ಕಮ್ಮಾರ ಮಲಗಿದ್ದಾನೆ, ಎಬ್ಬಿಸುವುದೊಂದೇ ಬಾಕಿ ಎಂದು ನಂಬಿಕೊಂಡಿದ್ದ.

ಪರಿಮಳಾ ಜೋಳ ಹಸನು ಮಾಡುತ್ತಲೇ, "ಈಗೇನು ಅದು ಹೆಚ್ಚಂಗಿಲ್ಲೇನ್ರಿ?" ಎಂದಳು.

"ಹೆಚ್ತದ. ಆದ್ರ ಮ್ಯಾಲಿಂದ ಮ್ಯಾಲೆ ಮಸಿಬೇಕು. ಸರಿಯಾಗಿ ಕಾಸಿ ಗಟ್ಟಿ ಮಾಡಿದ್ರ ವರ್ಷಗಟ್ಲೆ ಧಾರಿ ಹೋಗಂಗಿಲ್ಲ."

"ನಾಳಿ ನಿಮ್ಮಕ್ಕಾರು ಬರಾಕತ್ತಾರ. ಅದಕ್ಕೇನರ ಆದ್ರ ನನ್ನ ಹೆಸರು ಹೇಳಬ್ಯಾಡ್ರಿ."

ಆ ಮಾತಿಗೆ ಕಾರಣವಿತ್ತು. ಅವ್ವ ತೀರಿಕೊಂಡ ಮೇಲೆ ಅವಳ ಈಳಿಗೆ ಕಾಂತೇಶನ ಮನೆಯಲ್ಲೇ ಉಳಿದಿತ್ತು. ಸುರಪುರಕ್ಕೆ ಕೊಟ್ಟಿದ್ದ ಅಕ್ಕ ಮರಿಲಿಂಗಮ್ಮ ಪಂಚಮಿಗೆ ತವರಿಗೆ ಬಂದಾಗಲೆಲ್ಲ "ಈ ಸಲರ ಈಳಿಗಿ ಕೊಡ್ತೀಯೇನೋ?" ಎಂದು ಕೇಳುವುದು, ಇವನು "ಬ್ಯಾರೆ ಏನರ ಕೇಳಕ್ಕ" ಎಂದು ಜಾರಿಕೊಳ್ಳುವುದು ನಡೆದೇ ಇತ್ತು. ಸೀರೆ ಕೊಟ್ಟಿದ್ದ, ಬಳೆ ಇಡಿಸಿದ್ದ, ಈಳಿಗೆ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅವ್ವನ ಕೈ ತಾಕಿದ ವಸ್ತುವೆಂದು ಮನೆಯಲ್ಲಿ ಉಳಿದದ್ದು ಅದೊಂದೇ.

ಮರುದಿನ, ನಾಗರಪಂಚಮಿಯ ಹಿಂದಿನ ದಿನ ಬರುವ ರೊಟ್ಟಿ ಪಂಚಮಿಯ ಬೆಳಿಗ್ಗೆಯೇ ಹಿತ್ತಲಲ್ಲಿ ಮಹಾಯಜ್ಞ ಆರಂಭವಾಯಿತು. ಒಂದು ಮೊಳದ ಕಬ್ಬಿಣದ ಕೊಳವೆ, ಅದರ ತಳಕ್ಕೆ ಸಣ್ಣ ತೂತುಗಳ ತಗಡು, ತಗಡಿನ ಕೆಳಗಿಂದ ಗಾಳಿ ಊದುವ ಮೋಟಾರು, ಸುತ್ತಲೂ ಇದ್ದಿಲ ಕೆಂಡ, ಒಳಗೆ ಉಸುಕು. ಕಾದ ಉಸುಕಿಗೆ ಕೆಳಗಿಂದ ಗಾಳಿ ಹೊಕ್ಕರೆ ಅದು ಎಸರಿನಂತೆ ಕುದಿಯುತ್ತದೆ. ಅದರಲ್ಲಿ ಇಳಿಬಿಟ್ಟ ಅಲಗು ಎಲ್ಲ ಕಡೆಗೂ ಒಂದೇ ಸಮ ಕಾಯುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಬೇಕು. ಇಷ್ಟೆಲ್ಲ ವಿಡಿಯೋದಲ್ಲಿತ್ತು. ಎಷ್ಟು ಕಾಯಿಸಬೇಕು ಎಂಬುದು ವಿಡಿಯೋದ ಕೊನೆಗಿತ್ತು. ಅಷ್ಟರಲ್ಲಿ ಕಾಂತೇಶನ ಡೇಟಾ ಮುಗಿದಿತ್ತು.

"ಇದು ಅಳ್ಳು ಹುರಿಯೋ ಉಸುಕಲ್ಲೇನ್ರಿ?" ಪರಿಮಳಾಳ ದನಿ ಏರಿತು. ಪಂಚಮಿಗೆ ಜೋಳದ ಅಳ್ಳು, ಅಂದರೆ ಅರಳು, ಹುರಿಯಲೆಂದೇ ಸಾಣಿಸಿ, ತೊಳೆದು, ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದ ಉಸುಕು ಅದು.

"ಇದರಷ್ಟು ನುಣ್ಣನ ಉಸುಕು ಇಡೀ ಶಹಾಪುರದಾಗ ಸಿಗಂಗಿಲ್ಲ. ಜರಾ ತಡಿ, ಆಮ್ಯಾಲ ನಿಂದೇ."

ಉಸುಕು ನಿಜಕ್ಕೂ ಕುದಿಯತೊಡಗಿತು. ಕಾಂತೇಶನಿಗೆ ಕಣ್ಣು ತುಂಬಿ ಬಂತು. ಮಣೆಯಿಂದ ಅಲಗು ಬಿಚ್ಚಿ, ತಂತಿ ಕಟ್ಟಿ, ಕೊಳವೆಯೊಳಗೆ ಇಳಿಬಿಟ್ಟು, ಎಣ್ಣೆ ತರಲು ಒಳಗೆ ಓಡಿದ. ಅಲ್ಲಿ ಎಣ್ಣೆ ಡಬ್ಬಿಗೆ ಪರಿಮಳಾ ಕಾವಲು ನಿಂತಿದ್ದಳು.

"ಕುಸುಬಿ ಎಣ್ಣಿ ಅದು. ಹಬ್ಬಕ್ಕ ಇಟ್ಟೀನಿ. ಮುಟ್ಟಬ್ಯಾಡ್ರಿ."

ಈ ವ್ಯಾಜ್ಯ ಒಳಗೆ ನಡೆದಿದ್ದಾಗಲೇ ಮರಿಲಿಂಗಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಎದುರಿಗೆ ಕುದಿಯುವ ಉಸುಕು. ಪಕ್ಕದಲ್ಲೇ ಮೊರದ ತುಂಬ ನೆನೆಸಿ ಆರಿಸಿದ ಜೋಳ. ಪಂಚಮಿಯ ಹಿಂದಿನ ದಿನ ಉಸುಕು ಕಾದಿದೆ ಎಂದರೆ ಈ ಸೀಮೆಯ ಯಾವ ಹೆಣ್ಣುಮಗಳು ತಾನೇ ಎರಡನೆಯ ಅರ್ಥ ಹುಡುಕುತ್ತಾಳೆ? "ಉಸುಕು ಸೀಯಾಕತ್ತದ, ಎಲ್ಲಿ ಹೋಗ್ಯಾಳ ಈಕಿ" ಎನ್ನುತ್ತ ಮೊರದ ಜೋಳವನ್ನಷ್ಟೂ ಕೊಳವೆಗೆ ಸುರಿದಳು.

ಮೊದಲು ಟಪ್ ಎಂದಿತು. ಆಮೇಲೆ ಎಣಿಸಲು ಬಿಡುವಿರಲಿಲ್ಲ. ಅರಳಿದ ಜೋಳವೆಲ್ಲ ಗಾಳಿಗೆ ಕಾರಂಜಿಯಾಗಿ ಚಿಮ್ಮಿ ತುಳಸಿಕಟ್ಟೆ, ಬಚ್ಚಲು, ಪಕ್ಕದ ಸುಗಲಮ್ಮನ ಮಾಳಿಗೆ ಎಲ್ಲವನ್ನೂ ಬೆಳ್ಳಗಾಗಿಸಿತು. ಎಣ್ಣೆ ಬಟ್ಟಲು ಹಿಡಿದು ಓಡಿಬಂದ ಕಾಂತೇಶ ಕೂಗಿದ: "ಅಕ್ಕಾ, ಅದರಾಗ ಈಳಿಗಿ ಅದ!"

"ಅಳ್ಳಿನಾಗ ಈಳಿಗಿ ಯಾಕ್ ಹಾಕೀಯೋ?"

ಅಲಗು ಹೊರಬಂದಾಗ ನೀಲಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಎಣ್ಣೆಗೆ ಅದ್ದಿ, ಮಣೆಗೆ ಕೂರಿಸಿ, "ಈಗ ಹೆಚ್ಚಿ ನೋಡಕ್ಕ" ಎಂದ. ಅಕ್ಕ ಕುಂಬಳಕಾಯಿ ಒತ್ತಿದಳು. ಕುಂಬಳಕಾಯಿ ಹಾಗೇ ಇತ್ತು. ಈಳಿಗೆಯ ಧಾರೆಯೇ ರೊಟ್ಟಿಯ ಅಂಚಿನಂತೆ ಮಡಚಿಕೊಂಡಿತು. ಉಕ್ಕು ಗಟ್ಟಿಯಾಗುವಷ್ಟು ಕಾದಿರಲಿಲ್ಲ. ಇದ್ದ ಗಟ್ಟಿತನ ಹೋಗುವಷ್ಟು ಮಾತ್ರ ಕಾದಿತ್ತು.

ಅಕ್ಕ ಮಡಚಿದ ಅಂಚಿನ ಮೇಲೆ ಬೆರಳಾಡಿಸಿದಳು. "ಇದರ ಮುಂದ ಕುಂದ್ರಿಸಿ ಅವ್ವ ನನಗ ಹೆಚ್ಚಾಕ ಕಲಿಸಿದ್ಳೋ" ಎಂದಳು ಮೆಲ್ಲಗೆ. ಕಾಂತೇಶನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಪರಿಮಳಾಳೇ ಕಾಪಾಡಿದಳು. "ಪಂಚಮಿ ದಿನ ಏನೂ ಹೆಚ್ಚಬಾರದಂತಾರಲ್ರಿ ಅಕ್ಕಾರ. ಇವರು ನಮಗ ವರ್ಷಪೂರ್ತಿ ಪಂಚಮಿ ಮಾಡಿಕೊಟ್ಟಾರ."

ಅಕ್ಕ ನಕ್ಕಳು. ಅಂದು ರೊಟ್ಟಿಗೆ ಪುಂಡಿಪಲ್ಯ ಆಯಿತು. ಎಲೆಗಳನ್ನೆಲ್ಲ ಕೈಯಲ್ಲೇ ಬಿಡಿಸಿದವನು ನಮ್ಮ ಮಹಾನ್ ಕಮ್ಮಾರ.

ಹಬ್ಬ ಮುಗಿದು ಅಕ್ಕ ಹೊರಟಾಗ ಕಾಂತೇಶ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಂದ. "ಅಕ್ಕಾ, ಈ ಸಲ ನೀನೇ ತಗೊಂಡು ಹೋಗು" ಎಂದ, ಮುಖ ತಗ್ಗಿಸಿ.

"ಹೆಚ್ಚುವಾಗ ಕೊಡಲಿಲ್ಲ, ಈಗ ಕೊಡ್ತೀಯೇನು? ನಿನ್ನ ಹತ್ರಾನೇ ಇರ್ಲಿ, ದಿನಾ ನೋಡ್ಕೊಂತ ಕುಂದ್ರು. ನನಗ ಬೇಕಾದ್ದು ಆಗ್ಲೇ ಚೀಲದಾಗ ಹಾಕ್ಕೊಂಡೀನಿ."

ಚೀಲದಿಂದ ಕೊಳವೆಯ ಬಾಯಿಯೂ ಮೋಟಾರಿನ ವೈರೂ ಇಣುಕುತ್ತಿದ್ದವು. "ಒಂದು ಕಾಳರ ಅರಳದಂಗ ಉಳೀಲಿಲ್ಲ ನೋಡು" ಎಂದಳು ಅಕ್ಕ.

ಚೀಲ ಹೊತ್ತು ಬಸ್ ಹತ್ತಿಸಲು ಬಂದವನೂ ಕಾಂತೇಶನೇ. ಕಂಡಕ್ಟರ್ ಅನುಮಾನದಿಂದ, "ಏನ್ರಿ ಯವ್ವ ಇದು?" ಎಂದು ಕೇಳಿದ.

ಮರಿಲಿಂಗಮ್ಮ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: "ಅಳ್ಳು ಹುರಿಯೋ ಯಂತ್ರರೀ. ಇದರ ಸಲುವಾಗಿ ನಮ್ಮ ತಮ್ಮ ಅವ್ವನ ಈಳಿಗಿನೇ ಕಳಕೊಂಡಾನ."