ಮೂರು ಗಂಟೆಯ ಬೊಂಬಾಯಿ

ಬಾಡಿಗೆ ಕಾರು ಬಿಡುವವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅದರಲ್ಲೂ ಬಜ್ಪೆಗೆ ವಿಮಾನ ಬರತೊಡಗಿದ ಹೊಸತರಲ್ಲಿ, ಬಂಟ್ವಾಳದಲ್ಲಿ ಕಾರಿಟ್ಟಿದ್ದ ನನಗೆ ನಗಲಿಕ್ಕೂ ಪುರುಸೊತ್ತಿರಲಿಲ್ಲ. ಬೊಂಬಾಯಿಗೆ ಮೂರೇ ಗಂಟೆಯಂತೆ ಎಂಬ ಸುದ್ದಿ ಹಬ್ಬಿ, ಹೋಗುವವರಿಗಿಂತ ಹೋಗದವರಿಗೇ ಉಮೇದು ಹೆಚ್ಚಾಗಿತ್ತು.

೧. ಮೇಲಿನ ದಾರಿ

ಬೆಳುವಾಯಿಯ ಒಬ್ಬ ಅಜ್ಜ ಬರೀ ವಿಮಾನ ನೋಡಲಿಕ್ಕೆಂದು ಊರಿನ ಮಾಷ್ಟ್ರ ಜೊತೆ ನನ್ನ ಕಾರು ಹತ್ತಿದರು. ರಸ್ತೆ ಘಾಟಿ ಸುತ್ತಿ, ಹೊಳೆ ಬಳಸಿ ಹೋಗುತ್ತದೆ, ವಿಮಾನ ನೆಟ್ಟಗೆ ಹೋಗುತ್ತದೆ, ಹಾಗಾಗಿ ಆಕಾಶದಲ್ಲಿ ಬೊಂಬಾಯಿಯ ದೂರವೇ ಕಡಿಮೆ ಎಂದು ಮಾಷ್ಟ್ರು ದಾರಿಯುದ್ದಕ್ಕೂ ವಿವರಿಸಿದರು. ಅಜ್ಜ ಬಹಳ ಹೊತ್ತು ಯೋಚಿಸಿ, ಬೆಳುವಾಯಿಯಿಂದ ಮೂಡಬಿದ್ರೆಗೂ ಹಾಗೆಯೋ ಎಂದು ಕೇಳಿದರು. ಹೌದು ಎಂದರು ಮಾಷ್ಟ್ರು.

ಅಜ್ಜನ ಮುಖ ಸಪ್ಪಗಾಯಿತು. "ಇಷ್ಟು ವರ್ಷ ಅಕ್ಕಿಮುಡಿ ಹೊತ್ತು ಕೆಳಗಿನಿಂದಲೇ ನಡೆದೆ. ಒಬ್ಬರೂ ಹೇಳಲಿಲ್ಲ ಮಾರಾಯ್ರೆ."

೨. ಕೊಟ್ಟ ದುಡ್ಡಿಗೆ

ಬೆಳ್ತಂಗಡಿಯ ಜವಳಿ ವ್ಯಾಪಾರಿಯೊಬ್ಬರು ಬೊಂಬಾಯಿಯಿಂದ ವಿಮಾನದಲ್ಲಿ ಬಂದಿಳಿದರು. ಹೇಗಿತ್ತೆಂದು ಕೇಳಲು ನನಗೆ ತಡೆಯಲಾರದ ಆಸೆ. ಅವರೋ ಸಿಟ್ಟಿನಲ್ಲಿದ್ದರು. ಹೆದರಿ ಕಣ್ಣು ಮುಚ್ಚಿ ದೇವರನ್ನು ನೆನೆದರಂತೆ, ತೆರೆಯುವಾಗ ಬಜ್ಪೆ. ಬಸ್ಸಿನವರು ಕಡಿಮೆ ದುಡ್ಡಿಗೆ ಹಗಲು ರಾತ್ರಿ ಕೂರಿಸುತ್ತಾರೆ, ಇವರು ಅಷ್ಟೊಂದು ತೆಗೆದುಕೊಂಡು ಮೂರೇ ಗಂಟೆಗೆ ಇಳಿಸಿಬಿಟ್ಟರು ಎಂಬುದು ಅವರ ತಕರಾರು.

ಆ ದಿನವೇ ನನ್ನ ಕಾರಿನ ಟಯರು ಎರಡು ಸಲ ಪಂಕ್ಚರು. ಬೆಳ್ತಂಗಡಿ ಮುಟ್ಟುವಾಗ ಸಂಜೆ. ತಪ್ಪಾಯಿತೆಂದು ಕೈಮುಗಿದೆ. ಅವರು ಖುಷಿಯಿಂದ ಇಳಿದರು.

"ಬೇಜಾರು ಮಾಡಬೇಡಿ. ಕೊಟ್ಟ ದುಡ್ಡಿಗೆ ಸರಿಯಾಗಿ ಕೂರಲಿಕ್ಕೆ ಸಿಕ್ಕಿದ್ದು ಇದರಲ್ಲಿಯೇ."

೩. ತಂತಿಗಿಂತ ಮುಂದೆ

ಪಾಣೆಮಂಗಳೂರಿನ ಒಬ್ಬ ಅಮ್ಮನ ಕಿರಿಯ ಮಗ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ. ಅಮ್ಮನಿಗೆ ವಿಮಾನದ ಟಿಕೆಟು ಖಾತ್ರಿಯಾದದ್ದು ಹೊರಡುವ ಬೆಳಿಗ್ಗೆ. ಅವರನ್ನು ನಾನು ಬಜ್ಪೆಗೆ ಕರೆದೊಯ್ದೆ, ಹಿರಿಯ ಮಗ ತಮ್ಮನಿಗೆ ತಂತಿ ಕೊಡಲು ಅಂಚೆ ಕಚೇರಿಗೆ ಓಡಿದ. ಮುಂದಿನದನ್ನು ಊರಿಗೆ ಮರಳಿದ ಮೇಲೆ ಅಮ್ಮನೇ ನನಗೆ ಹೇಳಿದ್ದು.

ಬೊಂಬಾಯಿಯಲ್ಲಿ ಇಳಿದರೆ ಮಗನಿಲ್ಲ. ವಿಮಾನದಲ್ಲಿ ಪಕ್ಕ ಕೂತಿದ್ದ ನಮ್ಮ ಕಡೆಯವರೊಬ್ಬರು ಅವರನ್ನು ಹೋಟೆಲಿಗೆ ಮುಟ್ಟಿಸಿದರು. ಮಗ ಪೇಟೆಗೆ ಹೋಗಿದ್ದ. ಅಮ್ಮ ನೇರ ಅಡುಗೆಮನೆಗೆ ಹೋಗಿ, ಸಾಂಬಾರು ರುಚಿ ನೋಡಿ, ಭಟ್ಟರನ್ನು ಬೈಯಲು ಕೂತರು.

ಮಗ ಹಿಂದಿರುಗುವುದಕ್ಕೂ ತಂತಿ ಬರುವುದಕ್ಕೂ ಸರಿಹೋಯಿತು. ಬಾಗಿಲಲ್ಲೇ ಓದಿದ: ಅಮ್ಮ ಇಂದಿನ ವಿಮಾನದಲ್ಲಿ ಬರುತ್ತಾರೆ. ಒಳಗೆ ಕಾಲಿಡದೆ ಟ್ಯಾಕ್ಸಿ ಹಿಡಿದು ಓಡಿದ. ವಿಮಾನ ಬಂದು ಎಷ್ಟೋ ಹೊತ್ತಾಯಿತು, ಎಲ್ಲರೂ ಹೋದರು ಎಂದರು ಅಲ್ಲಿಯವರು. ಬೊಂಬಾಯಿಯಂಥ ಊರಿನಲ್ಲಿ ತುಳು ಬಿಟ್ಟು ಬೇರೆ ಭಾಷೆ ಬಾರದ ತಾಯಿ. ಅವನು ಪೊಲೀಸು ಠಾಣೆಗೂ ಹೋಗಿ, ಕೊನೆಗೆ ಅಳುತ್ತಾ ಹೋಟೆಲಿಗೆ ಬಂದ. ಅಮ್ಮ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದರು.

ಎಲ್ಲಿ ಅಲೆಯಲು ಹೋಗಿದ್ದಿ ಎಂದು ಅಮ್ಮ ಕೇಳಿದರು. ನಿಮ್ಮನ್ನೇ ಕರೆದುಕೊಂಡು ಬರಲಿಕ್ಕೆ ಎಂದ ಮಗ, ಕಣ್ಣೊರೆಸುತ್ತಾ.

"ನನ್ನನ್ನು ಕರೆದುಕೊಂಡು ಬರಲಿಕ್ಕೆ ಅಷ್ಟು ದೂರ ಯಾಕೆ ಹೋದದ್ದು ಮಗಾ? ನಾನು ಇಲ್ಲಿಯೇ ಇದ್ದೆನಲ್ಲ."